ಗಾಳಿ ಬೀಸುವ ವಯೋಮಿಂಗ್ ಬಯಲಿಗೆ .308: 150 ಗ್ರೇನೋ, 178 ಗ್ರೇನೋ?

ಲ್ಯಾರಮಿ_ಬಯಲು

ಅಕ್ಟೋಬರ್ ಮೊದಲ ವಾರಕ್ಕೆ ಅಮೆರಿಕದ ವಯೋಮಿಂಗ್‌ನಲ್ಲಿ ಪ್ರಾಂಗ್‌ಹಾರ್ನ್ (ಜಿಂಕೆಯಂಥ ಬಯಲು ಪ್ರಾಣಿ) ಟ್ಯಾಗ್, ಅಂದರೆ ಬೇಟೆಯ ಪರವಾನಗಿ, ಇದೆ. ಜಾಗ ಶರ್ಲಿ ಬೇಸಿನ್ ಕಡೆ. ಎತ್ತರ 6,500 ಅಡಿ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಿ. ಮರವಿಲ್ಲ, ಮರೆಯಿಲ್ಲ, ಮೊಣಕಾಲೆತ್ತರದ ಸೇಜ್‌ಬ್ರಶ್ ಪೊದೆ ಅಷ್ಟೇ. ಬೆಳಿಗ್ಗೆ ತಣ್ಣಗಿದ್ದರೂ ಹತ್ತು ಗಂಟೆ ದಾಟಿದರೆ ಗಾಳಿ ಗಂಟೆಗೆ 15–20 ಮೈಲಿ.

ಕೋವಿ .308 ವಿಂಚೆಸ್ಟರ್, ಬೋಲ್ಟ್ ಆಕ್ಷನ್, 22 ಇಂಚಿನ ಬ್ಯಾರೆಲ್. ಹಳೆಯದು, ಟ್ವಿಸ್ಟ್ (ಬ್ಯಾರೆಲ್ ಒಳಗಿನ ಸುರುಳಿ ಗೀರು, ಅಂದರೆ ರೈಫ್ಲಿಂಗ್, ಎಷ್ಟು ಇಂಚಿಗೆ ಒಂದು ಸುತ್ತು ಹಾಕುತ್ತದೆ ಅನ್ನುವುದು) ಎಷ್ಟೆಂದು ಬ್ಯಾರೆಲ್ ಮೇಲೆ ಬರೆದಿಲ್ಲ. ಸ್ಕೋಪ್‌ನಲ್ಲಿ ಮಿಲ್ ರೆಟಿಕಲ್ (ಒಂದು ಮಿಲ್ ಅಂದರೆ ದೂರದ ಸಾವಿರದಲ್ಲಿ ಒಂದು ಪಾಲು, ಆ ಲೆಕ್ಕದ ಗುರುತುಗಳು) ಇದೆ. ರೀಲೋಡಿಂಗ್ (ತೋಟಾವನ್ನು ಮನೆಯಲ್ಲೇ ತುಂಬುವುದು) ಮಾಡುವುದಿಲ್ಲ, ಫ್ಯಾಕ್ಟರಿ ತೋಟಾ ಮಾತ್ರ. ಅಂಗಡಿಯಲ್ಲಿ ಸಿಗುವುದು ಇವು (ಗ್ರೇನ್ ಅಂದರೆ ಗುಂಡಿನ ತೂಕದ ಅಳತೆ, ಇಂಟರ್‌ಲಾಕ್ ಮುಂತಾದವು ಹಾರ್ನಡಿ ಕಂಪನಿಯ ಗುಂಡಿನ ಮಾದರಿಗಳು): ಹಾರ್ನಡಿ 150 ಗ್ರೇನ್ ಇಂಟರ್‌ಲಾಕ್, 150 ಎಸ್‌ಎಸ್‌ಟಿ, 178 ಇಎಲ್‌ಡಿ-ಎಕ್ಸ್, ಜೊತೆಗೆ ಮೊಂಡು ಮೂಗಿನ ಒಂದು 180 ಗ್ರೇನ್.

ಇಬ್ಬರನ್ನು ಕೇಳಿದರೆ ಎರಡು ಉತ್ತರ. "ಭಾರದ ಗುಂಡು ಗಾಳಿಗೆ ಅಲ್ಲಾಡಲ್ಲ" ಅನ್ನುತ್ತಾರೆ ಒಬ್ಬರು. "ಹಗುರ ಗುಂಡು ಬೇಗ ತಲುಪುತ್ತದೆ, ಗಾಳಿಗೆ ತಳ್ಳೋಕೆ ಸಮಯವೇ ಸಿಗಲ್ಲ" ಅನ್ನುತ್ತಾರೆ ಇನ್ನೊಬ್ಬರು. ಎರಡೂ ಸರಿ ಅನ್ನಿಸುತ್ತವೆ. 400 ಗಜಕ್ಕಿಂತ ದೂರ ಹೊಡೆಯುವ ಉದ್ದೇಶವಿಲ್ಲ. ಯಾವುದು ತಗೊಳ್ಳಲಿ, ಯಾಕೆ?

---

ಅಡ್ಡಗಾಳಿ

ಇಬ್ಬರೂ ಅರ್ಧ ಸರಿ ಹೇಳಿದ್ದಾರೆ, ಆದರೆ ಮುಖ್ಯ ವಿಷಯ ಇಬ್ಬರಿಗೂ ತಪ್ಪಿದೆ.

ಗಾಳಿ ಗುಂಡಿನ ಪಕ್ಕೆಗೆ ಬಡಿದು ತಳ್ಳುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ನಡೆಯುವುದು ಬೇರೆ. ಬ್ಯಾರೆಲ್ ಬಿಟ್ಟ ಕೂಡಲೇ ಗುಂಡು ತನಗೆ ಎದುರಾಗುವ ಗಾಳಿಯ ದಿಕ್ಕಿಗೆ ಮೂಗನ್ನು ಕೂದಲೆಳೆಯಷ್ಟು ತಿರುಗಿಸಿಕೊಳ್ಳುತ್ತದೆ. ಗಾಳಿ ಎಡದಿಂದ ಬಂದರೆ ಮೂಗು ಎಡಕ್ಕೆ. ಹಾಗೆ ಓರೆಯಾಗಿ ಹಾರುವಾಗ ಅದನ್ನು ಹಿಂದಕ್ಕೆಳೆಯುವ ಗಾಳಿಯ ತಡೆ ನೇರ ಹಿಂದಕ್ಕೆ ಎಳೆಯದೆ ಸ್ವಲ್ಪ ಬಲಕ್ಕೂ ಎಳೆಯುತ್ತದೆ. ಪಕ್ಕಕ್ಕೆ ಸರಿಯುವುದಕ್ಕೆ ಕಾರಣ ಈ ಎಳೆತ. ಆದ್ದರಿಂದ ಸರಿತ ಎಷ್ಟು ಅನ್ನುವುದನ್ನು ತೀರ್ಮಾನಿಸುವುದು ಗುಂಡು ಹಾರಿದ ಒಟ್ಟು ಸಮಯ ಅಲ್ಲ, ತಡೆಯಿಂದಾಗಿ ಅದು ಎಷ್ಟು ತಡವಾಯಿತು ಅನ್ನುವುದು. ಸೂತ್ರ ಹಳೆಯದು, ಕೈಲೆಕ್ಕಕ್ಕೆ ಸಿಗುತ್ತದೆ:

ಸರಿತ = ಅಡ್ಡಗಾಳಿಯ ವೇಗ × (ನಿಜವಾದ ಹಾರಾಟದ ಸಮಯ − ಗಾಳಿಯ ತಡೆಯೇ ಇಲ್ಲದಿದ್ದರೆ ಹಿಡಿಯುತ್ತಿದ್ದ ಸಮಯ)

ನಿಮ್ಮ ತೋಟಾಗಳಿಗೇ ಹಾಕೋಣ. 6,500 ಅಡಿ ಎತ್ತರ, 400 ಗಜ ಅಂದರೆ 1,200 ಅಡಿ, ಪೂರ್ತಿ ಅಡ್ಡಕ್ಕೆ 10 ಮೈಲಿ ಗಾಳಿ. 10 ಮೈಲಿ ಗಾಳಿ ಅಂದರೆ ಸೆಕೆಂಡಿಗೆ 176 ಇಂಚು.

150 ಇಂಟರ್‌ಲಾಕ್: ಹೊರಡುವ ವೇಗ 2,820 ಅಡಿ/ಸೆ, ಜಿ1 ಬಿ.ಸಿ. (ಗುಂಡು ಗಾಳಿಯ ತಡೆಯನ್ನು ಎಷ್ಟು ಚೆನ್ನಾಗಿ ಸೀಳುತ್ತದೆ ಅನ್ನುವ ಅಂಕ, ಹೆಚ್ಚಿದ್ದಷ್ಟೂ ಒಳ್ಳೆಯದು) 0.338. ತಡೆ ಇಲ್ಲದಿದ್ದರೆ 0.4255 ಸೆಕೆಂಡ್ ಸಾಕಿತ್ತು, ಹಿಡಿದದ್ದು ಸುಮಾರು 0.510. ತಡ 0.0845 ಸೆಕೆಂಡ್, ಸರಿತ 14.9 ಇಂಚು.

178 ಇಎಲ್‌ಡಿ-ಎಕ್ಸ್: 2,600 ಅಡಿ/ಸೆ, ಬಿ.ಸಿ. 0.552. ತಡೆ ಇಲ್ಲದಿದ್ದರೆ 0.4615, ಹಿಡಿದದ್ದು ಸುಮಾರು 0.516. ತಡ 0.0545, ಸರಿತ 9.6 ಇಂಚು.

ಇಲ್ಲಿ ನಿಂತು ನೋಡಿ. ಎರಡೂ ಗುಂಡು 400 ಗಜವನ್ನು ಹೆಚ್ಚುಕಮ್ಮಿ ಒಂದೇ ಸಮಯದಲ್ಲಿ ಮುಟ್ಟುತ್ತವೆ, ವ್ಯತ್ಯಾಸ ಸೆಕೆಂಡಿನ ಸಾವಿರದಲ್ಲಿ ಆರು ಭಾಗ. ಆದರೂ ಒಂದು ಐದು ಇಂಚು ಜಾಸ್ತಿ ಸರಿಯುತ್ತದೆ. "ಬೇಗ ತಲುಪುತ್ತದೆ" ಅನ್ನುವ ವಾದ ಇಲ್ಲಿಗೆ ಮುಗಿಯಿತು.

ಇನ್ನು "ಭಾರ ಇದ್ದರೆ ಸಾಕು" ಅನ್ನುವುದು. 150 ಎಸ್‌ಎಸ್‌ಟಿ ನೋಡಿ: ಅದೇ ತೂಕ, ಅದೇ ವೇಗ, ಆದರೆ ಚೂಪು ಪಾಲಿಮರ್ ತುದಿ, ಹಿಂದುಗಡೆ ದೋಣಿಯ ಬಾಲದ ಹಾಗೆ ಸಪೂರ. ಬಿ.ಸಿ. 0.415. ಸರಿತ 11.7 ಇಂಚು. ಒಂದು ಗ್ರೇನ್ ತೂಕ ಸೇರಿಸದೆ ಆಕಾರ ಒಂದೇ 3.2 ಇಂಚು ಉಳಿಸಿತು. ಅಲ್ಲಿಂದ 178ಕ್ಕೆ ಹೋದರೆ ಸಿಗುವುದು ಇನ್ನು 2.1 ಇಂಚು. ಅಂದರೆ ಅರ್ಧಕ್ಕಿಂತ ಹೆಚ್ಚು ಲಾಭ ಆಕಾರದ್ದು, ಉಳಿದದ್ದು ತೂಕದ್ದು. ಆ ಮೊಂಡು ಮೂಗಿನ 180 ಗ್ರೇನನ್ನು ಅಂಗಡಿಯಲ್ಲೇ ಬಿಡಿ. ಅದರ ಬಿ.ಸಿ. 150 ಇಂಟರ್‌ಲಾಕ್‌ಗಿಂತಲೂ ಕೆಳಗೆ. ಕಾಡಿನೊಳಗೆ 100 ಗಜಕ್ಕೆ ಒಳ್ಳೆಯ ಗುಂಡು, ಬಯಲಿಗಲ್ಲ.

ಡಬ್ಬದ ಮೇಲಿನ ವೇಗ ಸಾಮಾನ್ಯವಾಗಿ 24 ಇಂಚಿನ ಬ್ಯಾರೆಲ್‌ನದ್ದು. ನಿಮ್ಮ 22 ಇಂಚಿನಲ್ಲಿ 40–50 ಅಡಿ/ಸೆ ಕಡಿಮೆ ಬರುತ್ತದೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ: 178 ಗ್ರೇನ್ 2,550ರಲ್ಲಿ ಹೊರಟರೆ 400 ಗಜದಲ್ಲಿ ಸರಿತ 9.6ರಿಂದ 9.9 ಇಂಚಿಗೆ ಹೋಗುತ್ತದೆ ಅಷ್ಟೇ. ಇಳಿತದ ಲೆಕ್ಕಕ್ಕೆ ಮಾತ್ರ ಕ್ರೋನೋಗ್ರಾಫ್ ಇಟ್ಟು ನಿಜವಾದ ವೇಗ ತಿಳಿದುಕೊಳ್ಳಲೇಬೇಕು.

ನನ್ನ ಮತ 178 ಇಎಲ್‌ಡಿ-ಎಕ್ಸ್‌ಗೆ. ಇಳಿತ ಎಷ್ಟಿದ್ದರೂ ರೇಂಜ್‌ಫೈಂಡರ್ ದೂರ ಹೇಳುತ್ತದೆ, ಸ್ಕೋಪ್‌ನ ಟರೆಟ್ (ಗುರಿ ಏರಿಳಿಸುವ ತಿರುಪು) ತಿರುಗಿಸಿದರೆ ಆಯಿತು. ಗಾಳಿಯನ್ನು ಅಳೆದು ಕೊಡುವ ಸಾಧನ ನಿಮ್ಮ ಕೈಯಲ್ಲಿದ್ದರೂ ಅದು ಹೇಳುವುದು ನೀವು ಮಲಗಿರುವ ಜಾಗದ ಗಾಳಿ ಮಾತ್ರ, 250 ಗಜದಾಚೆಯ ಹಳ್ಳದ್ದಲ್ಲ.

---

ಸೇಜ್‌ಬ್ರಶ್

ಮೇಲಿನ ಲೆಕ್ಕ ಒಪ್ಪುತ್ತೇನೆ. ಆದರೆ 10 ಮೈಲಿಗೆ ಸರಿತ ಎಷ್ಟು ಅನ್ನುವುದಕ್ಕಿಂತ, ಗಾಳಿಯನ್ನು ಒಂದು ಮೈಲಿ ತಪ್ಪಾಗಿ ಅಂದಾಜಿಸಿದರೆ ಎಷ್ಟು ಅನ್ನುವುದನ್ನು ನೋಡಿ. ಪ್ರಾಣಿಗೆ ತಾಗುವುದು ಆ ತಪ್ಪು.

ಪ್ರಾಂಗ್‌ಹಾರ್ನ್ ಚಿಕ್ಕ ಪ್ರಾಣಿ. ಹೃದಯ-ಶ್ವಾಸಕೋಶದ ಜಾಗ ಎಂಟು ಇಂಚಿನ ವೃತ್ತ ಅಂದುಕೊಳ್ಳಿ, ನಡುವಿನಿಂದ ಎರಡೂ ಕಡೆ ನಾಲ್ಕು ಇಂಚು. 20 ಮೈಲಿ ಬೀಸುವಾಗ ಅಂದಾಜು 5 ಮೈಲಿ ತಪ್ಪುವುದು ಪಳಗಿದವರಿಗೂ ಮಾಮೂಲು.

178 ಗ್ರೇನ್, 400 ಗಜ: 5 ಮೈಲಿ ತಪ್ಪಿಗೆ 4.8 ಇಂಚು. ವೃತ್ತದ ಹೊರಗೆ.
178 ಗ್ರೇನ್, 300 ಗಜ: 2.6 ಇಂಚು. ಒಳಗೆ.
150 ಇಂಟರ್‌ಲಾಕ್, 300 ಗಜ: 4 ಇಂಚು. ಅಂಚಿನಲ್ಲಿ.

ಇದರ ಮೇಲೆ ಕೋವಿಯ ಸ್ವಂತ ಚದುರುವಿಕೆ ಇದೆ. 1.5 ಎಂಓಎ (ಒಂದು ಎಂಓಎ ಅಂದರೆ 100 ಗಜಕ್ಕೆ ಸುಮಾರು ಒಂದು ಇಂಚು) ಕೂರಿಸುವ ಕೋವಿ 300 ಗಜದಲ್ಲಿ ನಡುವಿನಿಂದ 2.3 ಇಂಚು ಆಚೀಚೆ ಹಾಕುತ್ತದೆ. ಎರಡು ತಪ್ಪೂ ಒಂದೇ ಕಡೆ ಸೇರಿದ ದಿನ ಲೆಕ್ಕ ಕೆಟ್ಟಿತು.

ಹಾಗಾಗಿ ಒಳ್ಳೆಯ ಗುಂಡು ಕೊಡುವ ಲಾಭವನ್ನು ಗಜದಲ್ಲಿ ಹೇಳುವುದಾದರೆ: ಇಂಟರ್‌ಲಾಕ್‌ನಿಂದ ಸುಮಾರು 330 ಗಜದಲ್ಲಿ ಆಗುವ ತಪ್ಪು 178ರಲ್ಲಿ 400 ಗಜಕ್ಕೆ ಆಗುತ್ತದೆ. ಎಪ್ಪತ್ತು ಗಜ. ಅದನ್ನು ಇನ್ನೂ ದೂರ ಹೊಡೆಯಲು ಖರ್ಚು ಮಾಡಬೇಡಿ, ಅದೇ ದೂರದಲ್ಲಿ ಭದ್ರತೆಗೆ ಇಟ್ಟುಕೊಳ್ಳಿ. 20 ಮೈಲಿ ಗಾಳಿಗೆ 300 ಗಜವೇ ಕೊನೆ, ಅದಕ್ಕಿಂತ ದೂರ ಇದ್ದರೆ ಹಳ್ಳ ಹಿಡಿದು ತೆವಳಿ ಹತ್ತಿರ ಹೋಗಿ. ಶರ್ಲಿ ಬೇಸಿನ್ ದೂರದಿಂದ ಚಪ್ಪಟೆ ಕಾಣಿಸುತ್ತದೆ, ಒಳಗೆ ಹೋದರೆ ತಗ್ಗು-ದಿಣ್ಣೆ ಬೇಕಾದಷ್ಟಿವೆ.

ಇನ್ನೊಂದು. ಪ್ರಾಣಿ ಯಾವ ಕಡೆ ಮುಖ ಮಾಡಿದೆ ನೋಡಿ. ಗಾಳಿಯನ್ನು ಜನ ಸಾಮಾನ್ಯವಾಗಿ ಕಮ್ಮಿಯೇ ಅಂದಾಜಿಸುತ್ತಾರೆ. ತಲೆ ಕಡೆಯಿಂದ ಬಾಲದ ಕಡೆಗೆ ಗಾಳಿ ಇದ್ದಾಗ ಕಮ್ಮಿ ಅಂದಾಜಿಸಿದರೆ ಗುಂಡು ಹೋಗುವುದು ಹೊಟ್ಟೆಗೆ. ಅದು ಅತ್ಯಂತ ಕೆಟ್ಟ ಏಟು: ಪ್ರಾಣಿ ನರಳಿಕೊಂಡು ಮೈಲಿಗಟ್ಟಲೆ ಹೋಗುತ್ತದೆ, ಸಿಕ್ಕರೂ ಮಾಂಸ ಹಾಳು. ಬಾಲದ ಕಡೆಯಿಂದ ತಲೆ ಕಡೆಗೆ ಬೀಸುವಾಗ ಅದೇ ತಪ್ಪು ಗುಂಡನ್ನು ಎದೆಯ ಮುಂದಕ್ಕೆ ಒಯ್ಯುತ್ತದೆ, ಹೆಚ್ಚಾಗಿ ಪೂರ್ತಿ ತಪ್ಪಿ ಹೋಗುತ್ತದೆ. ಹಿಂಡಿನಲ್ಲಿ ಎರಡು ಪ್ರಾಣಿ ಆಯ್ಕೆಗೆ ಇದ್ದರೆ ಗಾಳಿಗೆ ಬೆನ್ನು ಕೊಟ್ಟು ನಿಂತದ್ದನ್ನೇ ಆರಿಸಿ. ಎದುರು ಮುಖ ಮಾಡಿದ್ದೇ ಆದರೆ ಗುರಿಯನ್ನು ಮುಂಗಾಲಿನ ಭುಜದ ಮುಂದಂಚಿಗೆ ತನ್ನಿ.

---

ಮಡಿಕೇರಿ_ಕೋವಿ

ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆಯ ನಂತರ ಬೇಟೆಯ ಪ್ರಶ್ನೆ ಇಲ್ಲ, ಆದರೆ ತೂಕ-ಆಕಾರದ ಮಾತಿಗೆ ನಮ್ಮಲ್ಲೇ ಒಳ್ಳೆ ಉದಾಹರಣೆ ಇದೆ. ಲೈಸೆನ್ಸ್ ಇರುವ ಎಷ್ಟೋ ಮನೆಗಳಲ್ಲಿ .315 ಸ್ಪೋರ್ಟಿಂಗ್ ರೈಫಲ್ ಇದೆ. ಅದರ ಗುಂಡು 244 ಗ್ರೇನ್, ಇಲ್ಲಿ ಮಾತಾಡುತ್ತಿರುವ ಎಲ್ಲಕ್ಕಿಂತ ಭಾರ. ಆದರೆ ಮೂಗು ಮೊಂಡು, ವೇಗ ಕಡಿಮೆ. ಬಯಲು ಗಾಳಿಯಲ್ಲಿ ಆ 178 ಗ್ರೇನಿನ ಹತ್ತಿರಕ್ಕೂ ಬರುವುದಿಲ್ಲ. ಕೊಡಗಿನ ಕೈಲ್ ಪೊಳ್ದ್ ಹಬ್ಬದ ದಿನ ತೆಂಗಿನಕಾಯಿಗೆ ಹೊಡೆಯುವ ದೂರದಲ್ಲಿ ಗಾಳಿಯ ಲೆಕ್ಕವೇ ಬೇಡ, ಹಾಗಾಗಿ ಇದು ಕಣ್ಣಿಗೆ ಬೀಳುವುದಿಲ್ಲ.

ಪ್ರಶ್ನೆ ಕೇಳಿದವರಿಗೆ ಒಂದು ಎಚ್ಚರಿಕೆ: ಟ್ವಿಸ್ಟ್ ತಿಳಿಯದೆ 178 ಗ್ರೇನ್ ಐದು ಡಬ್ಬ ತರಬೇಡಿ. ಹಳೆಯ .308ಗಳಲ್ಲಿ 1:12 (12 ಇಂಚಿಗೆ ಒಂದು ಸುತ್ತು) ಬಹಳ ಸಾಮಾನ್ಯ. ಅಳೆಯುವುದು ಹೀಗೆ.

ಕೋವಿ ಖಾಲಿ ಇದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿ, ಬೋಲ್ಟ್ ತೆಗೆದಿಡಿ. ಹಿಡಿಯ ಹತ್ತಿರ ಬೇರಿಂಗ್ ಇರುವ, ಸರಾಗ ತಿರುಗುವ ಕ್ಲೀನಿಂಗ್ ರಾಡ್ ಬೇಕು. ರಾಡಿನ ತುದಿಯ ಜ್ಯಾಗ್‌ಗೆ ಬಟ್ಟೆ ಬಿಗಿಯಾಗಿ ಸುತ್ತಿ ಹಿಂದಿನಿಂದ ನಾಲ್ಕೈದು ಇಂಚು ಒಳಕ್ಕೆ ತಳ್ಳಿ. ಬಟ್ಟೆ ರೈಫ್ಲಿಂಗ್ ಕಚ್ಚಿಕೊಂಡಿರಬೇಕು, ಜಾರಿದರೆ ಲೆಕ್ಕ ತಪ್ಪುತ್ತದೆ. ರಾಡಿನ ಮೇಲ್ಭಾಗಕ್ಕೆ ಒಂದು ಚೂರು ಟೇಪ್ ಅಂಟಿಸಿ, ರಾಡ್ ಆಕ್ಷನ್ ಒಳಗೆ ಹೋಗುವ ಜಾಗದಲ್ಲಿ ಪೆನ್ಸಿಲ್ ಗುರುತು ಹಾಕಿ. ನಿಧಾನ ತಳ್ಳುತ್ತಾ ಹೋಗಿ. ಟೇಪ್ ಒಂದು ಸುತ್ತು ಪೂರ್ತಿ ತಿರುಗಿ ಮತ್ತೆ ಮೇಲೆ ಬಂದಾಗ ಅದೇ ಜಾಗದಲ್ಲಿ ಎರಡನೇ ಗುರುತು. ಎರಡು ಗುರುತಿನ ನಡುವೆ ಎಷ್ಟು ಇಂಚೋ ಅದೇ ಟ್ವಿಸ್ಟ್. ಮೂರು ಸಲ ಮಾಡಿ.

10 ಇಂಚು ಬಂದರೆ ಯೋಚನೆ ಬೇಡ. 12 ಬಂದರೆ 178 ಇಎಲ್‌ಡಿ-ಎಕ್ಸ್ ಉದ್ದದ ಗುಂಡು, ಸಮುದ್ರಮಟ್ಟದಲ್ಲಿ ಸ್ಥಿರತೆಯ ಅಂಕ 1.3ರ ಆಸುಪಾಸು. 1ಕ್ಕೂ 1.5ಕ್ಕೂ ನಡುವೆ ಇದ್ದರೆ ಗುಂಡು ಉರುಳುವುದಿಲ್ಲ, ಆದರೆ ಬಿ.ಸಿ. ಸ್ವಲ್ಪ ಕಳೆದುಕೊಳ್ಳುತ್ತದೆ. ಅಂದರೆ ಯಾವ ಲಾಭಕ್ಕೆ ಅದನ್ನು ಕೊಂಡಿರೋ ಅದೇ ಸೋರಿಹೋಗುತ್ತದೆ. 6,500 ಅಡಿಯಲ್ಲಿ ಗಾಳಿ ತೆಳು, ಅದೇ ಅಂಕ 1.6ಕ್ಕೆ ಏರುತ್ತದೆ, ಅಲ್ಲಿ ನಡೆಯುತ್ತದೆ. ತಗ್ಗು ಪ್ರದೇಶದಲ್ಲಿ ಕೊರೆಯುವ ಚಳಿ ಇದ್ದರೆ ಕಷ್ಟ. ಕಾಗದದ ಮೇಲೆ ನೋಡಿ: ತೂತು ದುಂಡಗೆ, ಅಂಚು ಸಮನಾಗಿ ಬೂದು ಬಣ್ಣ ಇದ್ದರೆ ಸರಿ. ಮೊಟ್ಟೆಯಾಕಾರಕ್ಕೆ ಎಳೆದುಕೊಂಡಿದ್ದರೆ ಗುಂಡು ಓರೆಯಾಗಿ ಹೋಗುತ್ತಿದೆ, ಆ ತೋಟಾ ಆ ಕೋವಿಗಲ್ಲ. ಆಗ 150 ಎಸ್‌ಎಸ್‌ಟಿ ತಗೊಳ್ಳಿ.

---

ಅರ್ಧಮಿಲ್

ಮಿಲ್ ರೆಟಿಕಲ್ ಇದೆ ಅಂದಿರಿ, ಹಾಗಾದರೆ ಹೊಲದಲ್ಲಿ ಕ್ಯಾಲ್ಕುಲೇಟರ್ ತೆಗೆಯುವ ಅಗತ್ಯವೇ ಇಲ್ಲ. ಪ್ರತಿ ಕೋವಿ-ಗುಂಡಿನ ಜೋಡಿಗೂ ಒಂದು ಗಾಳಿ ಸಂಖ್ಯೆ, ಅಂದರೆ ಒಂದು ಗಾಳಿಯ ವೇಗ, ಇರುತ್ತದೆ. ಆ ವೇಗದ ಅಡ್ಡಗಾಳಿಗೆ 300 ಗಜದಲ್ಲಿ 0.3 ಮಿಲ್, 400ರಲ್ಲಿ 0.4, 500ರಲ್ಲಿ 0.5 ಹಿಡಿದರೆ ಸರಿಹೋಗುತ್ತದೆ.

6,500 ಅಡಿಯಲ್ಲಿ 178 ಇಎಲ್‌ಡಿ-ಎಕ್ಸ್ 6 ಮೈಲಿಯ ಕೋವಿ. 150 ಎಸ್‌ಎಸ್‌ಟಿ 5. 150 ಇಂಟರ್‌ಲಾಕ್ 4. ಗುಂಡಿನ ಆಯ್ಕೆಯ ಚರ್ಚೆಯೆಲ್ಲ ಈ ಮೂರು ಅಂಕಿಯಲ್ಲಿ ಕಾಣುತ್ತದೆ.

ಬಳಸುವುದು: 350 ಗಜ, ಗಾಳಿ 12 ಮೈಲಿ, ಪೂರ್ತಿ ಅಡ್ಡ. 12ರಲ್ಲಿ ಎರಡು ಆರು. 0.35ರ ಎರಡರಷ್ಟು, 0.7 ಮಿಲ್. ಗಾಳಿ ಓರೆಯಾಗಿದ್ದರೆ: ಗುಂಡಿನ ದಾರಿಗೆ 30 ಡಿಗ್ರಿ ಇದ್ದರೆ ಅರ್ಧ, 45 ಇದ್ದರೆ ಹತ್ತರಲ್ಲಿ ಏಳು ಪಾಲು. ಇಲ್ಲಿ ತುಂಬ ಜನ ಎಡವುತ್ತಾರೆ, 45 ಡಿಗ್ರಿಗೆ ಅರ್ಧ ಅಂತ ಹಿಡಿಯುತ್ತಾರೆ. 60 ಡಿಗ್ರಿ ದಾಟಿದರೆ ಪೂರ್ತಿ ಅಂತಲೇ ಹಿಡಿಯಿರಿ.

ಗಾಳಿ ಎಷ್ಟಿದೆ ಅಂತ ತಿಳಿಯಲು ಮೂರು ಜಾಗ ನೋಡಿ: ನಿಮ್ಮ ಹತ್ತಿರ, ನಡುವೆ, ಪ್ರಾಣಿಯ ಬಳಿ. ಹತ್ತಿರದ್ದಕ್ಕೆ ಹೆಚ್ಚು ಬೆಲೆ, ಯಾಕೆಂದರೆ ಆರಂಭದಲ್ಲೇ ಬಿದ್ದ ಓರೆ ಕೊನೆಯವರೆಗೂ ದೊಡ್ಡದಾಗುತ್ತಾ ಹೋಗುತ್ತದೆ. ಎಲೆ, ಸಣ್ಣ ಕಡ್ಡಿ ಬಿಡದೆ ಅಲ್ಲಾಡುತ್ತಿದ್ದರೆ 8–12 ಮೈಲಿ. ಒಣ ಧೂಳು ಏಳಲು ಶುರುವಾದರೆ 13–18. ಸೇಜ್‌ಬ್ರಶ್ ಗಟ್ಟಿ ಗಿಡ, ಅದು ಅಲ್ಲಾಡದಿದ್ದ ಮಾತ್ರಕ್ಕೆ ಗಾಳಿ ಇಲ್ಲ ಅಂದುಕೊಳ್ಳಬೇಡಿ, ನಡುವಿನ ಹುಲ್ಲು ನೋಡಿ. ಸ್ಕೋಪ್‌ನಲ್ಲಿ ಬಿಸಿಲುಕುದುರೆ ಹರಿಯುವ ದಿಕ್ಕು 10–12 ಮೈಲಿವರೆಗೆ ಚೆನ್ನಾಗಿ ಹೇಳುತ್ತದೆ, ಆಮೇಲೆ ಚಪ್ಪಟೆಯಾಗಿ ಓಡುತ್ತದೆ, 15ಕ್ಕೂ 20ಕ್ಕೂ ವ್ಯತ್ಯಾಸ ಸಿಗುವುದಿಲ್ಲ. ಹಳ್ಳದ ಮೇಲಿಂದ ಹೊಡೆಯುವಾಗ ಗುಂಡು ನೆಲದಿಂದ ತುಂಬ ಎತ್ತರದಲ್ಲಿ ಹಾರುತ್ತದೆ, ಅಲ್ಲಿ ಗಾಳಿ ಜೋರು. ಹುಲ್ಲು ಹೇಳಿದ್ದಕ್ಕಿಂತ ಹೆಚ್ಚೇ ಹಿಡಿಯಿರಿ.

ಬಲಸುತ್ತಿನ ಬ್ಯಾರೆಲ್‌ನಲ್ಲಿ ಬಲದಿಂದ ಬೀಸುವ ಗಾಳಿ ಗುಂಡನ್ನು ಸ್ವಲ್ಪ ಮೇಲಕ್ಕೂ, ಎಡದಿಂದ ಬೀಸಿದರೆ ಸ್ವಲ್ಪ ಕೆಳಕ್ಕೂ ಒಯ್ಯುತ್ತದೆ. 10 ಮೈಲಿಗೆ 400 ಗಜದಲ್ಲಿ ಒಂದೂವರೆ ಇಂಚಿನ ಆಸುಪಾಸು. ತಿರುಗುವಿಕೆಯಿಂದಲೇ ಬಲಕ್ಕೆ ಒಂದು ಇಂಚಿನಷ್ಟು. ನಿಮ್ಮ ದೂರಕ್ಕೆ ಇದನ್ನು ಸರಿಪಡಿಸಬೇಕಿಲ್ಲ, ಕಾಗದದ ಮೇಲೆ ಗುಂಪು ಓರೆಯಾಗಿ ಬಿದ್ದರೆ ಗಾಬರಿಯಾಗದಿರಲು ತಿಳಿದಿರಲಿ.

---

ಲ್ಯಾರಮಿ_ಬಯಲು

ಎಲ್ಲರಿಗೂ ಧನ್ಯವಾದ. ರಾಡ್ ಹಾಕಿ ಮೂರು ಸಲ ಅಳೆದೆ, 10 ಇಂಚೇ ಬರುತ್ತಿದೆ. 178ಕ್ಕೆ ಹೋಗುತ್ತೇನೆ. ಇನ್ನೆರಡು ಪ್ರಶ್ನೆ. ಭಾರದ ಗುಂಡು ನಿಧಾನವಾಗಿ ಹೊಡೆಯುವುದರಿಂದ ದೂರದಲ್ಲಿ ಪ್ರಾಣಿಗೆ ತಾಗಿದಾಗ ಅರಳದೆ (ತುದಿ ಹಿಗ್ಗದೆ) ಹೋಗುತ್ತದಾ? ಮತ್ತೆ, ಸೀಸ ಬೇಡ ಅಂತ ತಾಮ್ರದ ಗುಂಡು ತಗೊಂಡರೆ ಗಾಳಿಯಲ್ಲಿ ಎಷ್ಟು ನಷ್ಟ? 6.5 ಕ್ರೀಡ್‌ಮೂರ್ ಕ್ಯಾಲಿಬರಿನ ಕೋವಿ ಕೊಂಡರೆ ಒಳ್ಳೆಯದು ಅಂತಲೂ ಒಬ್ಬರು ಹೇಳುತ್ತಿದ್ದಾರೆ.

---

ಅಡ್ಡಗಾಳಿ

ನಿಧಾನ ಅನ್ನುವುದು ಹೊರಡುವಾಗ ಮಾತ್ರ. 6,500 ಅಡಿಯಲ್ಲಿ 300 ಗಜಕ್ಕೆ 178 ಗ್ರೇನ್ ಸುಮಾರು 2,200 ಅಡಿ/ಸೆ, ಇಂಟರ್‌ಲಾಕ್ 2,160. ಅಷ್ಟರಲ್ಲೇ ಭಾರದ್ದು ಮುಂದೆ. 400ಕ್ಕೆ ಭಾರದ್ದು 2,080, ಇಂಟರ್‌ಲಾಕ್ 1,960. ಸೀಸದ ತಿರುಳಿನ ಗುಂಡಿಗೆ 1,800ರ ಮೇಲೆ ಇದ್ದರೆ ಅರಳುವ ಚಿಂತೆ ಇಲ್ಲ.

ತಾಮ್ರದ್ದು ಬೇರೆ ಕಥೆ. ಒಂದು ಘನ ಸೆಂ.ಮೀ. ತಾಮ್ರ 8.9 ಗ್ರಾಂ, ಸೀಸ 11.3. ಅದೇ ತೂಕಕ್ಕೆ ತಾಮ್ರದ ಗುಂಡು ಉದ್ದವಾಗುತ್ತದೆ, ಟ್ವಿಸ್ಟ್ ಜಾಸ್ತಿ ಬೇಡುತ್ತದೆ. ಹಾಗಾಗಿ ಅಲ್ಲಿ ಒಂದು ಮೆಟ್ಟಿಲು ಹಗುರದ್ದನ್ನೇ ಆರಿಸುವುದು ರೂಢಿ. .308ರಲ್ಲಿ 150 ಗ್ರೇನ್ ಬಾರ್ನ್ಸ್ ಟಿಟಿಎಸ್‌ಎಕ್ಸ್ ಗಾಳಿಯಲ್ಲಿ ಎಸ್‌ಎಸ್‌ಟಿಗೆ ಹೆಚ್ಚುಕಮ್ಮಿ ಸಮ: 400 ಗಜದಲ್ಲಿ 178ಕ್ಕಿಂತ ಎರಡು ಇಂಚು ಜಾಸ್ತಿ ಸರಿಯುತ್ತದೆ. ಆದರೆ ತಾಮ್ರದ ದಳಗಳು ತೆರೆಯಲು ವೇಗ ಬೇಕು. 2,000ದ ಕೆಳಗೆ ಹೊಡೆಯದಿರುವುದು ಕ್ಷೇಮ, ಇಲ್ಲದಿದ್ದರೆ ಪೆನ್ಸಿಲ್ ತೂರಿದಂತೆ ಆಚೆ ಹೋಗುತ್ತದೆ. ಆ ಗುಂಡಿಗೂ 400 ಗಜವೇ ಕೊನೆ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆಲ್ಲ ಸೀಸವಿಲ್ಲದ ಗುಂಡೇ ಕಡ್ಡಾಯ, ಅಲ್ಲಿಗೆ ಹೋಗುವವರಿಗೆ ಆಯ್ಕೆಯೇ ಇಲ್ಲ.

6.5 ಕ್ರೀಡ್‌ಮೂರ್ ವಿಷಯ: 143 ಇಎಲ್‌ಡಿ-ಎಕ್ಸ್, 2,700 ಅಡಿ/ಸೆ, ಬಿ.ಸಿ. 0.625. ಅದೇ 400 ಗಜ, ಅದೇ ಗಾಳಿ, 7.9 ಇಂಚು. ನಿಮ್ಮ 178ಕ್ಕಿಂತ 35 ಗ್ರೇನ್ ಹಗುರ, ಆದರೂ ಗಾಳಿಯಲ್ಲಿ ಗೆಲ್ಲುತ್ತದೆ, ಏಕೆಂದರೆ ಸಪೂರ ದೇಹಕ್ಕೆ 143 ಅಂದರೆ ಭಾರವೇ. ಗ್ರೇನ್ ಹೋಲಿಕೆ ಒಂದೇ ಕ್ಯಾಲಿಬರ್ ಒಳಗೆ ಮಾತ್ರ ಮಾಡಬೇಕು, ಕ್ಯಾಲಿಬರ್ ದಾಟಿದರೆ ಬಿ.ಸಿ. ಮತ್ತು ವೇಗ ನೋಡಿ. ಒದೆತವೂ ಕಡಿಮೆ. ಆದರೆ ಎರಡು ಇಂಚಿಗೋಸ್ಕರ ಹೊಸ ಕೋವಿ ಬೇಡ. ಆ ದುಡ್ಡಿಗೆ 178 ಗ್ರೇನ್ ತೋಟಾ ತಂದು ಗಾಳಿ ಇರುವ ದಿನವೇ ರೇಂಜ್‌ಗೆ ಹೋಗಿ.

---

ಸೇಜ್‌ಬ್ರಶ್

ತೋಟಾ ತರುವಾಗ ಎಲ್ಲ ಡಬ್ಬವೂ ಒಂದೇ ಲಾಟ್ ನಂಬರಿನದಾಗಿರಲಿ. ಅಭ್ಯಾಸಕ್ಕೆ ಅಗ್ಗದ 150, ಬೇಟೆಗೆ 178 ಅಂತ ಮಾಡಬೇಡಿ. ಎರಡರ ಸೊನ್ನೆ (ಸ್ಕೋಪ್ ಗುರಿಯಿಟ್ಟಲ್ಲೇ ಗುಂಡು ಬೀಳುವ ಹೊಂದಿಕೆ) ಒಂದೇ ಜಾಗದಲ್ಲಿ ಬೀಳುವುದಿಲ್ಲ, ಪಕ್ಕಕ್ಕೂ ವ್ಯತ್ಯಾಸ ಬರುತ್ತದೆ, ಅದನ್ನು ಗಾಳಿ ಅಂದುಕೊಂಡು ತಿದ್ದಿದರೆ ಎರಡು ತಪ್ಪಾಗುತ್ತವೆ. 178ರ ಒದೆತ 150ಕ್ಕಿಂತ ಎಂಟನೇ ಒಂದು ಪಾಲಿನಷ್ಟು ಜಾಸ್ತಿ. ಮಲಗಿ ಹೊಡೆಯುವಾಗ ಬೈಪಾಡ್‌ಗೆ ಸ್ವಲ್ಪ ಮುಂದಕ್ಕೆ ಭಾರ ಕೊಡಿ, ಗುಂಡು ಎಲ್ಲಿ ಬಿತ್ತು ಅಂತ ಸ್ಕೋಪ್‌ನಲ್ಲೇ ಕಾಣಬೇಕು. ಜೂಮ್ 8–10ರಲ್ಲಿ ಇಟ್ಟರೆ ಕಾಣುತ್ತದೆ.

ವೀಸಾದ ಮೇಲೆ ಅಮೆರಿಕದಲ್ಲಿರುವ ನಮ್ಮವರು ಇದನ್ನು ಓದುತ್ತಿದ್ದರೆ: ಎಚ್-1ಬಿಯಂಥ ವೀಸಾದವರು ಕೋವಿ, ತೋಟಾ ಇಟ್ಟುಕೊಳ್ಳುವುದಕ್ಕೆ ಫೆಡರಲ್ ಕಾನೂನಿನ ನಿಷೇಧವಿದೆ. ಅಲ್ಲಿಯ ಚಾಲ್ತಿ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ. ಲೈಸೆನ್ಸ್ ಅವಧಿ ಮುಗಿಯುವ ದಿನವನ್ನು ಬರೆದಿಟ್ಟುಕೊಳ್ಳಿ. 1966ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರಿಗೆ ವಯೋಮಿಂಗ್‌ನಲ್ಲಿ ಬೇಟೆ ಸುರಕ್ಷತಾ ತರಬೇತಿಯ ಪತ್ರವೂ ಬೇಕು.

ಜಾಗ ತಲುಪಿದ ದಿನ 100 ಗಜಕ್ಕೆ ಮೂರು ಗುಂಡು ಹಾಕಿ ಸೊನ್ನೆ ನೋಡಿ. ಕಾರಿನಲ್ಲಿ ಕುಲುಕಾಡಿದ ಸ್ಕೋಪ್ ಅರ್ಧ ಮಿಲ್ ಪಕ್ಕಕ್ಕೆ ಹೋಗಿದ್ದರೆ 400 ಗಜದಲ್ಲಿ ಅದು ಏಳು ಇಂಚು.